ಅಕ್ಷಕ್ಕೆ ತಾಗದ ಗೆರೆ

ನವೆಂಬರ್ ತಿಂಗಳ ಒಂದು ಮಧ್ಯಾಹ್ನ ಆ ಹುಡುಗಿ ನನ್ನ ಹಳದಿ ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಕಿಟಕಿಯ ಕಡೆ ತಿರುಗಿ, ಬಹಳ ಹೊತ್ತು ನೋಡಿದಳು. ಹಾಳೆಯ ಮೇಲೆ ದಪ್ಪ ಕಪ್ಪು ಮಾರ್ಕರಿನಿಂದ ಒಂದು ವರ್ಗ ಸಮೀಕರಣದ ನಕ್ಷೆ ಬರೆದಿದ್ದೆ. ಹಿಂದಿನ ತಿಂಗಳು ಇಂಥದೇ ಹಾಳೆ ನೋಡಿ, "ಬಾಯಿ ಮ್ಯಾಲದ, ಎರಡು ಕಡೆ ಕತ್ತರಿಸ್ಯದ" ಎಂದು ತಟ್ಟನೆ ಹೇಳಿದ್ದಳು. ಈ ಸಲ ಹಾಳೆಯನ್ನು ಮೇಜಿನ ಮೇಲಿಟ್ಟು, "ಮ್ಯಾಡಮ್, ಇದರ ಮ್ಯಾಲ ಏನರ ಬರ್ದೀರೇನು?" ಎಂದು ಕೇಳಿದಳು.

ಬರೆದಿದ್ದೇನೆ ಎಂದು ಹೇಳಿ ಹಾಳೆಯನ್ನು ಚೀಲಕ್ಕೆ ಹಾಕಿಕೊಂಡೆ.

ಛತ್ರಪತಿ ಸಂಭಾಜಿನಗರದಲ್ಲಿ ನಾನು ಶಾಲೆಯಿಂದ ಶಾಲೆಗೆ ಹೋಗಿ, ಕಣ್ಣು ಕಾಣದ, ಅರೆಬರೆ ಕಾಣುವ ಮಕ್ಕಳಿಗೆ ಪಾಠ ಮಾಡುತ್ತೇನೆ. ಆಕೆ ಚಿಕಲಠಾಣಾದ ಹತ್ತಿರದ ಮರಾಠಿ ಶಾಲೆಯಲ್ಲಿ ಹತ್ತನೆಯ ಇಯತ್ತೆಯಲ್ಲಿದ್ದಳು. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಮನೆಯವರು. ತಂದೆ ಪುಣೆಯ ಕಡೆ ಕಬ್ಬಿಣದ ಸಲಾಕೆ ಕಟ್ಟುವ ಕೆಲಸದಲ್ಲಿದ್ದ, ತಾಯಿ ಇಲ್ಲಿ ಒಂದು ದೊಡ್ಡ ಕಟ್ಟಡದಲ್ಲಿ ಕಲಸಿದ ಸಿಮೆಂಟಿನ ಮಾಲು ಹೊರುತ್ತಿದ್ದಳು. ನಾನು ಬೀದರಿನವಳು, ಕನ್ನಡ ಬಲ್ಲವಳು ಎಂಬ ಕಾರಣಕ್ಕೆ ಆ ಹುಡುಗಿಯನ್ನು ನನಗೆ ಒಪ್ಪಿಸಿದ್ದರು. ಕಣ್ಣಿನ ಒಳಪರದೆ ವರ್ಷವರ್ಷಕ್ಕೆ ಸಾಯುತ್ತಾ ಬರುವ ರೋಗ ಅವಳದು. ಒಂದು ದಿನ ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಎಂದು ಹೋಗುತ್ತದೆ ಎಂದು ಹೇಳಿರಲಿಲ್ಲ.

ನಮ್ಮಿಬ್ಬರ ಗುರಿ ನಾಸಿಕ್. ಅಲ್ಲಿ ಅಂಧ ಮಕ್ಕಳಿಗಾಗಿ ಇರುವ ಒಂದು ವಸತಿ ಕಾಲೇಜಿನಲ್ಲಿ ಹನ್ನೊಂದನೆಯದಕ್ಕೆ ಗಣಿತ ಕಲಿಸುತ್ತಾರೆ. ನಮ್ಮ ಊರಿನ ಯಾವ ಕಾಲೇಜೂ ಕಣ್ಣಿಲ್ಲದವರಿಗೆ ಗಣಿತ ಕೊಡಲು ತಯಾರಿರಲಿಲ್ಲ. ನಾಸಿಕ್‌ನ ಪ್ರವೇಶ ಪರೀಕ್ಷೆ ಏಪ್ರಿಲ್‌ನಲ್ಲಿ, ಆ ವರ್ಷ ಹತ್ತನೆಯದು ಬರೆದವರಿಗೆ ಮಾತ್ರ. ಬೋರ್ಡ್ ಪರೀಕ್ಷೆಯಲ್ಲಿ ಇಂಥ ಮಕ್ಕಳು ನಕ್ಷೆಯ ಪ್ರಶ್ನೆ ಬಿಟ್ಟರೆ ನಡೆಯುತ್ತದೆ. ನಾಸಿಕ್‌ನಲ್ಲಿ ಬಿಡುವ ಹಾಗಿಲ್ಲ. ಉಬ್ಬು ಗೆರೆಯ ಹನ್ನೆರಡು ಹಾಳೆ ಕೊಡುತ್ತಾರೆ, ಮುಟ್ಟಿ ನೋಡಿ ಅದು ಯಾವ ಬಗೆಯ ಸಮೀಕರಣ ಎಂದು ಹೇಳಬೇಕು.

"ನಕ್ಷೆ ಬಿಟ್ಟುಬಿಡಿ, ಉಳಿದದ್ದು ಓದಿಸಿ" ಎಂದು ಮುಖ್ಯಾಧ್ಯಾಪಕರು ಹೇಳಿದರು. ಹುಡುಗಿ ಬಿಡಲಿಲ್ಲ. ಅವಳಿಗೆ ಅಂಕಗಣಿತ ಸುಲಭ, ಬೀಜಗಣಿತ ಇಷ್ಟ. ಸಮೀಕರಣದ ಮೂಲಗಳು ಬೇರೆಬೇರೆಯೋ, ಒಂದೇ ಸಮನೋ, ವಾಸ್ತವ ಮೂಲಗಳೇ ಇಲ್ಲವೋ ಎಂದು ತಿಳಿಸುವ ಬೆಲೆಯನ್ನು ಬಾಯಿಲೆಕ್ಕದಲ್ಲೇ ತೆಗೆಯುತ್ತಿದ್ದಳು. ಅದಕ್ಕೆ ಅವಳು ಶಾಲೆಯಲ್ಲಿ ಕಲಿತಂತೆ ವಿವೇಚಕ ಎನ್ನುತ್ತಿದ್ದಳು, ನಾನು ಶೋಧಕ ಎನ್ನುತ್ತಿದ್ದೆ. ಲೆಕ್ಕದಲ್ಲಿ ಗೊತ್ತಿದ್ದದ್ದೇ ನಕ್ಷೆಯಲ್ಲಿ ಕಾಣುತ್ತದೆ ಎನ್ನುವುದು ಅವಳಿಗೆ ಬೇಕಾಗಿತ್ತು.

ಕಾಣುವುದು ನಿಂತಿತ್ತು. ಇನ್ನು ಬೆರಳು.

ಮೊದಲು ಸುಲಭದ ದಾರಿ ಹಿಡಿದೆ. ಮಾತಿನಲ್ಲಿ ಕಂಠಪಾಠ ಮಾಡಿಸಿದೆ. x² ನ ಮುಂದಿನ ಸಂಖ್ಯೆ ಧನವಾದರೆ ಬಾಯಿ ಮೇಲಕ್ಕೆ, ಋಣವಾದರೆ ಕೆಳಕ್ಕೆ. ಅಡ್ಡ ಅಕ್ಷವನ್ನು ಎರಡು ಕಡೆ ದಾಟಿದರೆ ಎರಡು ಬೇರೆ ಮೂಲಗಳು, ಒಂದೇ ಕಡೆ ತಾಗಿ ತಿರುಗಿದರೆ ಸಮ ಮೂಲಗಳು, ತಾಗದೇ ಹೋದರೆ ವಾಸ್ತವ ಮೂಲಗಳಿಲ್ಲ. ಒಂದು ವಾರದಲ್ಲಿ ಹಾಡಿನಂತೆ ಒಪ್ಪಿಸಿದಳು. ಆಮೇಲೆ ಒಂದು ಉಬ್ಬು ಹಾಳೆ ಕೈಗೆ ಕೊಟ್ಟೆ. ಅದರ ಮೇಲೆ ಬೆರಳಾಡಿಸಿ, "ಇದು ಹಗ್ಗದಂಗ ಅದ" ಎಂದಳು. ಅಷ್ಟೇ. ಅವಳಿಗೆ ಗೊತ್ತಿದ್ದ ಮಾತಿಗೂ ಬೆರಳಿನ ಕೆಳಗಿದ್ದ ಗೆರೆಗೂ ಸಂಬಂಧವೇ ಹುಟ್ಟಿರಲಿಲ್ಲ.

ಇನ್ನೊಂದು ಗಮನಿಸಿದೆ. ವರ್ಷದ ಹಿಂದೆಯೇ ಬ್ರೈಲ್ ಶುರು ಮಾಡಿಸಿದ್ದೆ. ದಸರೆಯ ಹೊತ್ತಿಗೆ ಚೆನ್ನಾಗಿ ಓದುತ್ತಿದ್ದವಳು ಡಿಸೆಂಬರಿನಲ್ಲಿ ತಡವರಿಸತೊಡಗಿದಳು. ಅವಳ ಕೈ ಹಿಡಿದು ನೋಡಿದೆ. ಬೆರಳ ತುದಿಗಳು ಒಡೆದಿದ್ದವು, ಚರ್ಮ ದಪ್ಪಗಾಗಿ ಬಿಳಿಚಿತ್ತು.

"ಸಿಮೆಂಟಿನ್ಯಾಗ ಕೈ ಹಾಕ್ತಿಯೇನು?"

"ಮರಳು ಸೋಸ್ತೀನ್ರಿ. ಖಾಲಿ ಚೀಲ ಝಾಡಸ್ತೀನಿ. ಅದಕ್ಕೇನು ಕಣ್ಣು ಬೇಕಾಗಲ್ಲ."

ಆ ದಿನ ಸಂಜೆ ಅವಳ ಜೊತೆಯಲ್ಲೇ ಕಟ್ಟಡದ ಹತ್ತಿರ ಹೋದೆ. ತಾಯಿ ಬುಟ್ಟಿ ಕೆಳಗಿಟ್ಟು ಬಂದಳು. ನನಗಿಂತ ಚಿಕ್ಕವಳಿರಬೇಕು, ನೋಡಿದರೆ ಹಾಗೆ ಕಾಣುತ್ತಿರಲಿಲ್ಲ. ನಾನು ವಿಷಯ ಹೇಳಿದೆ. ಆಕೆ ಸಿಟ್ಟಾಗಲಿಲ್ಲ.

"ಇಕಿ ತಗಡಿನ ಮನ್ಯಾಗ ಸುಮ್ಮ ಕುಂತ್ರ ಮಂದಿ ಕುರುಡಿ ಅಂತಾರ್ರಿ ಮ್ಯಾಡಮ್. ಕೆಲಸ ಮಾಡಿದ್ರ ಕೆಲಸದಕಿ ಅಂತಾರ. ಅದಕ್ಕ ಹಚ್ಚೀನಿ."

"ಅವಳು ಇನ್ನ ಮ್ಯಾಗ ಬೆರಳಿಲೇ ಓದಬೇಕಾಗ್ತದ್ರಿ. ತುದಿ ಹಿಂಗ ಒಡದ್ರ ಅಕ್ಷರ ಹತ್ತಂಗಿಲ್ಲ."

ತಾಯಿ ತನ್ನ ಬೆರಳುಗಳನ್ನೇ ಒಂದಕ್ಕೊಂದು ಉಜ್ಜಿ ನೋಡಿಕೊಂಡಳು. ಅವುಗಳಿಗೆ ಏನು ಹತ್ತುತ್ತದೆ, ಏನು ಹತ್ತುವುದಿಲ್ಲ ಎಂದು ಅಳೆಯುವವಳ ಹಾಗಿದ್ದಳು. "ಪರೀಕ್ಷಾ ಎಂದದ?" ಎಂದು ಕೇಳಿದಳು. ಏಪ್ರಿಲ್ ಎಂದೆ. "ಅಲ್ಲೀತನಕ ಇಕಿ ಕೈ ನಾ ಕಾಯ್ತೀನಿ ತಗೋರಿ" ಎಂದಳು. ಮರುದಿನದಿಂದ ಮರಳು ಸೋಸುವ ಕೆಲಸವನ್ನೂ ತಾನೇ ಮಾಡತೊಡಗಿದಳು. ಹುಡುಗಿಯ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಹಳೆಯ ಬಟ್ಟೆ ಸುತ್ತಿ ಕೂರಿಸುತ್ತಿದ್ದಳು. ಜನವರಿಯ ಹೊತ್ತಿಗೆ ಚರ್ಮ ಮೆತ್ತಗಾಯಿತು.

ಆ ದಿನಗಳಲ್ಲೇ ಹುಡುಗಿಗೆ ಉಳಿದಿದ್ದ ಬೆಳಕೂ ಹೋಯಿತು. ಒಂದು ಬೆಳಿಗ್ಗೆ ಕೋಣೆಗೆ ಬಂದವಳು, "ಕಿಟಕಿ ತೆಗದೀರೇನ್ರಿ?" ಎಂದು ಕೇಳಿದಳು. ತೆರೆದೇ ಇತ್ತು, ಬಿಸಿಲು ಅವಳ ಮುಖದ ಮೇಲೇ ಬಿದ್ದಿತ್ತು. ಹೌದು ಎಂದೆ. ತಲೆಯಾಡಿಸಿ ಕುಳಿತಳು.

ಕೆಲಸವನ್ನು ಮೊದಲಿನಿಂದ ಶುರು ಮಾಡಿದೆ. ತಯಾರಾದ ನಕ್ಷೆ ಕೊಡುವ ಬದಲು ಅವಳಿಂದಲೇ ಮಾಡಿಸಬೇಕು ಎಂದುಕೊಂಡೆ. ಚಪ್ಪಲಿ ಹೊಲಿಯುವವರ ಹತ್ತಿರ ಸಿಗುವ ದಪ್ಪ ರಬ್ಬರ್ ಹಾಳೆ ತಂದು, ಅದರ ಮೇಲೆ ಸೂಜಿಯಿಂದ ಚೌಕಗಳನ್ನು ಕೊರೆದೆ. ಅಡ್ಡ ಅಕ್ಷಕ್ಕೆ ತೆಳ್ಳನೆಯ ವಿದ್ಯುತ್ ತಂತಿ, ನೆಟ್ಟಗಿನ ಅಕ್ಷಕ್ಕೆ ಎರಡೆಳೆ ದಾರ. ಬಿಂದುಗಳಿಗೆ ಗುಂಡು ತಲೆಯ ಪಿನ್ನು, ನಕ್ಷೆಗೆ ಸುತಳಿ. x² − 2x − 3 ತೆಗೆದುಕೊಂಡೆವು. ಅವಳು ಒಂದೊಂದೇ ಬೆಲೆ ಲೆಕ್ಕ ಹಾಕಿ ಹೇಳುತ್ತಾ ಪಿನ್ನು ಚುಚ್ಚಿದಳು. ಸೊನ್ನೆಗೆ ಮೂರು ಕೆಳಗೆ, ಒಂದಕ್ಕೆ ನಾಲ್ಕು ಕೆಳಗೆ, ಎರಡಕ್ಕೆ ಮತ್ತೆ ಮೂರು ಕೆಳಗೆ. ಮೂರು ಬಂದಾಗ ಪಿನ್ನು ತಂತಿಯ ಮೇಲೆಯೇ ಕೂತಿತು.

"ಇಲ್ಲಿ ಸೊನ್ನಿ ಆತು" ಎಂದಳು. ಪಿನ್ನಿನ ತಲೆ ಸವರಿ, "ಅಂದ್ರ ಮೂಲ ಅನ್ನೂದು ಇದೇ ಏನ್ರಿ? ತಂತಿ ಮ್ಯಾಲ ಕುಂತಿದ್ದು?"

"ಇದೇ."

"ಇಷ್ಟ ದಿನ ಬರೇ ಉತ್ತರ ಅಂತ ತಿಳ್ಕೊಂಡಿದ್ದೆ."

ಪಿನ್ನಿಂದ ಪಿನ್ನಿಗೆ ಸುತಳಿ ಎಳೆದಾಗ ತಳ ಚೂಪಾಯಿತು. ನಕ್ಷೆ ನೇಗಿಲಿನ ಮೊನೆಯಂತೆ ಕೆಳಗೆ ಮುರಿದು ತಿರುಗಿತು. ಅವಳೂ ಹಾಗೆಯೇ ತಿಳಿದುಕೊಂಡಳು. ಅರ್ಧಕ್ಕೆ ಎಷ್ಟು, ಒಂದೂವರೆಗೆ ಎಷ್ಟು ಎಂದು ಕೇಳಿದೆ. ಎರಡಕ್ಕೂ ಮೂರೂಮುಕ್ಕಾಲು ಕೆಳಗೆ ಎಂದು ಬಂತು. ಆ ಪಿನ್ನುಗಳನ್ನೂ ಚುಚ್ಚಿ ಸುತಳಿ ಬಿಗಿದ ಮೇಲೆ ತಳ ದುಂಡಗಾಯಿತು. ಅದರ ಮೇಲೆ ತೋರುಬೆರಳನ್ನು ಮೂರು ನಾಲ್ಕು ಸಲ ಆಡಿಸಿ, "ಬುಟ್ಟಿ ತಳದಂಗ" ಎಂದಳು. ಅವಳು ನಗುವುದು ಅಪರೂಪ, ಆ ದಿನ ನಕ್ಕಳು.

ಎರಡು ಕಡೆ ದಾಟುವ ನಕ್ಷೆ ಹೀಗೆ ಕೈಗೆ ಹತ್ತಿತು. ಬಾಯಿ ಕೆಳಗಾದದ್ದೂ ಹತ್ತಿತು. ತೊಂದರೆ ಬಂದದ್ದು ತಾಗಿ ತಿರುಗುವ ನಕ್ಷೆಯಲ್ಲಿ.

ಇಲ್ಲಿ ನಮ್ಮ ಕಸುಬಿನ ಒಂದು ಪದ್ಧತಿ ಹೇಳಬೇಕು. ಎರಡು ಉಬ್ಬು ಗೆರೆಗಳು ಕೂಡುವಲ್ಲಿ ಬೆರಳಿಗೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ, ಒಂದು ಗಂಟಿನಂತೆ ಹತ್ತುತ್ತದೆ. ಅದಕ್ಕೇ ಹಾಳೆ ಮಾಡುವವರು ಗೆರೆ ಕೂಡುವ ಜಾಗದಲ್ಲಿ ಸಾಸಿವೆಕಾಳಿನಷ್ಟು ಸಂದು ಬಿಡುತ್ತಾರೆ. ಸಂದು ಅಷ್ಟೇ ಸಣ್ಣದಿದ್ದರೆ ತಾಗಿದೆ ಎಂದು ಓದಿಕೊಳ್ಳಬೇಕು. ಅಂಧರ ಶಾಲೆಯಲ್ಲಿ ಚಿಕ್ಕಂದಿನಿಂದ ಓದಿದ ಮಕ್ಕಳಿಗೆ ಇದು ಯಾರೂ ಹೇಳದೆಯೇ ಗೊತ್ತಿರುತ್ತದೆ. ತರಬೇತಿಯಲ್ಲಿ ನನಗೂ ಇದನ್ನೇ ಕಲಿಸಿದ್ದರು. x² − 4x + 4 ರ ಹಾಳೆಯನ್ನು ನಾನು ಹಾಗೆಯೇ ಮಾಡಿದೆ. ದಪ್ಪ ಡ್ರಾಯಿಂಗ್ ಹಾಳೆಯ ಹಿಂಭಾಗದಿಂದ, ದರ್ಜಿಗಳು ಬಳಸುವ ಹಲ್ಲು ಗಾಲಿ ಉರುಳಿಸಿ ಉಬ್ಬಿಸಿದ ಗೆರೆ, ತಳದಲ್ಲಿ ಅಕ್ಷಕ್ಕೂ ಅದಕ್ಕೂ ನಡುವೆ ಸಣ್ಣ ಸಂದು.

ಅವಳು ಮುಟ್ಟಿ, "ತಾಗಿಲ್ಲ. ವಾಸ್ತವ ಮೂಲ ಇಲ್ಲ" ಎಂದಳು.

"ಮತ್ತ ನೋಡು."

"ನೋಡೀನ್ರಿ. ನಡುವ ಸಂದು ಅದ."

ಇನ್ನೊಂದು ಹಾಳೆ ಕೊಟ್ಟೆ, ಅದರಲ್ಲಿ ನಕ್ಷೆ ಅಕ್ಷಕ್ಕಿಂತ ಬೆರಳಗಲ ಮೇಲಿತ್ತು. "ಇದೂ ತಾಗಿಲ್ಲ" ಎಂದಳು. "ಎರಡೂ ತಾಗಿಲ್ಲ ಅಂದಮ್ಯಾಲ ಎರಡೂ ಒಂದೇ ಬಗೀ ಅಲ್ಲೇನ್ರಿ?"

ನಾಲ್ಕು ದಿನ ಹೀಗೇ ನಡೆಯಿತು. ಅವಳಿಗೆ ಅನುಮಾನ ಬಂದು ಎರಡು ಕಡೆ ದಾಟುವ ನಕ್ಷೆಯನ್ನೂ ತಪ್ಪು ಹೇಳತೊಡಗಿದಳು. ಐದನೆಯ ದಿನ ಹಾಳೆಯನ್ನು ದೂರ ತಳ್ಳಿ, "ನನ್ನ ಬೆರಳೂ ಹೋಗ್ಲಕತ್ಯಾವೇನ್ರಿ, ಕಣ್ಣಿನಂಗ?" ಎಂದು ಕೇಳಿದಳು.

ಆ ಮಾತು ಕೇಳಿದ ಮೇಲೆ ನಾನು ನಿರ್ಧಾರ ಮಾಡಿದೆ. ಸಂದಿನ ಪದ್ಧತಿ ವಿವರಿಸಿದರೆ, ಬೆರಳಿಗೆ ಹತ್ತಿದ್ದು ಒಂದು, ತಿಳಿಯಬೇಕಾದದ್ದು ಇನ್ನೊಂದು ಎಂದು ಹೇಳಿದ ಹಾಗಾಗುತ್ತದೆ. ಕಣ್ಣು ಹೋಗಿ ತಿಂಗಳೂ ಆಗಿರಲಿಲ್ಲ, ಈಗಷ್ಟೇ ಬೆರಳನ್ನು ನಂಬಲು ಕಲಿಯುತ್ತಿದ್ದಳು. ಹಾಗಾಗಿ, "ನಿನ್ನ ಬೆರಳು ಸರಿ ಅವ. ನನ್ನ ಹಾಳಿ ಕೆಟ್ಟದ" ಎಂದೆ. ಪದ್ಧತಿಯ ವಿಚಾರ ಹೇಳಲಿಲ್ಲ. ಮುಂದೆ ಗಟ್ಟಿಯಾದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಎಲ್ಲ ಹಾಳೆಗಳನ್ನೂ ಹೊಸದಾಗಿ ಮಾಡಿದೆ. ನಕ್ಷೆಗೆ ಸುತಳಿ ಅಂಟಿಸಿ, ಅಕ್ಷಕ್ಕೆ ಸಪೂರ ದಾರ ಇಟ್ಟು, ತಾಗುವ ನಕ್ಷೆಯನ್ನು ನಿಜವಾಗಿಯೂ ತಾಗಿಸಿದೆ. ಸುತಳಿ ಒರಟು, ದಾರ ನುಣುಪು. ಕೂಡಿದರೂ ಯಾವುದು ಯಾವುದೆಂದು ತಿಳಿಯುತ್ತಿತ್ತು. "ತಾಗಿದ್ರ ತಾಗಿದ್ದು, ಸಂದು ಅಂದ್ರ ಸಂದು. ಬೆರಳು ಹೇಳಿದ್ದೇ ಖರೆ" ಎಂದೆ.

ಅಲ್ಲಿಂದ ಕಲಿಕೆ ಓಡಿತು. ಫೆಬ್ರವರಿ ಮುಗಿಯುವುದರೊಳಗೆ ಯಾವ ಹಾಳೆ ಕೊಟ್ಟರೂ ಹೇಳುತ್ತಿದ್ದಳು. ಮೊದಲು ಎರಡೂ ಅಂಗೈಯಿಂದ ಇಡೀ ಹಾಳೆ ಸವರಿ ಬಾಯಿ ಎತ್ತ ಇದೆ ನೋಡುವಳು, ಎಡಗೈ ಬೆರಳನ್ನು ಅಡ್ಡ ಅಕ್ಷದ ಮೇಲೆ ಊರುವಳು, ಬಲಗೈ ಬೆರಳಿನಿಂದ ನಕ್ಷೆಯ ಮೇಲೆ ಇಳಿಯುವಳು. ಎರಡು ಬೆರಳು ಎಷ್ಟು ಸಲ ಸಂಧಿಸುತ್ತವೋ ಅಷ್ಟು ಮೂಲಗಳು. ನಕ್ಷೆ ನೆಟ್ಟಗಿನ ಅಕ್ಷವನ್ನು ಎಲ್ಲಿ ದಾಟುತ್ತದೆ ಎಂದು ನೋಡಿ ಸ್ಥಿರಾಂಕ ಧನವೋ ಋಣವೋ ಅದನ್ನೂ ಹೇಳುವಳು. ಅಕ್ಷ ಮುಟ್ಟದ ಸಮೀಕರಣ ತಪ್ಪು ಸಮೀಕರಣವೇ ಎಂದು ಒಮ್ಮೆ ಕೇಳಿದಳು. ತಪ್ಪಲ್ಲ, ಅದೂ ಒಂದು ಬಗೆ ಎಂದೆ. "ಹಂಗಾರ ಚಲೋ" ಎಂದಳು.

ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ಅವಳು ಹೇಳಿದ ಉತ್ತರ ಬರೆದುಕೊಡುವ ಹುಡುಗಿಯನ್ನು ಹುಡುಕುವುದು, ಅನುಮತಿ ಪತ್ರ, ಕಚೇರಿಯ ಓಡಾಟ, ಇದರಲ್ಲೇ ನನ್ನ ದಿನಗಳು ಹೋದವು. ಸಂದಿನ ವಿಷಯ ಹೇಳುವುದು ಹಿಂದೆ ಬಿತ್ತು. ಮರೆತೆ ಎಂದು ಹೇಳಲಾರೆ. ಎರಡು ಸಲ ನೆನಪಾಗಿತ್ತು. ಎರಡು ಸಲವೂ ಅವಳ ಬೆರಳು ಅಷ್ಟು ನಿಶ್ಚಿಂತೆಯಿಂದ ಓಡುತ್ತಿದ್ದದ್ದು ನೋಡಿ, ಇವತ್ತು ಬೇಡ ಎಂದುಕೊಂಡೆ.

ಏಪ್ರಿಲ್‌ನ ಒಂದು ಶುಕ್ರವಾರ ಬೆಳಗಿನ ಬಸ್ಸಿಗೆ ನಾಸಿಕ್‌ಗೆ ಹೊರಟೆವು. ತಾಯಿ ಬರಲಿಲ್ಲ, ಒಂದು ದಿನ ಬಿಟ್ಟರೆ ಅವಳ ಜಾಗಕ್ಕೆ ಇನ್ನೊಬ್ಬರನ್ನು ತೆಗೆದುಕೊಳ್ಳುತ್ತಿದ್ದರು. ವೈಜಾಪುರ, ಯೇವಲಾ ದಾಟಿ ನಾಸಿಕ್ ಮುಟ್ಟುವವರೆಗೂ ಹುಡುಗಿ ಬೆರಳುಗಳನ್ನು ದುಪಟ್ಟಾದಲ್ಲಿ ಸುತ್ತಿಟ್ಟುಕೊಂಡು ಕುಳಿತಿದ್ದಳು.

ಪರೀಕ್ಷೆಗೆ ಅವಳೂ ಸೇರಿ ಹನ್ನೆರಡು ಮಕ್ಕಳು ಬಂದಿದ್ದರು. ಉಳಿದವರೆಲ್ಲ ಅಂಧರ ಶಾಲೆಗಳಿಂದ ಬಂದವರು. ನಾನು ಹೊರಗೆ ಬೆಂಚಿನ ಮೇಲೆ ಕಾದೆ. ಒಂದೂವರೆ ತಾಸಿನ ನಂತರ ಹೊರಬಂದಳು. ಮುಖದಲ್ಲಿ ಸಮಾಧಾನವಿತ್ತು.

"ಹ್ಯಾಂಗಾತು?"

"ಎಲ್ಲಾ ಹೇಳೀನ್ರಿ. ಹಾಳಿ ಭಾಳ ನಾಜೂಕ ಅವ. ನಾಲ್ಕು ಹಾಳ್ಯಾಗ ವಾಸ್ತವ ಮೂಲ ಇರಲಿಲ್ಲ. ಸಮ ಮೂಲದ್ದು ಒಂದೂ ಕೊಟ್ಟಿಲ್ಲ ನೋಡ್ರಿ."

ಹನ್ನೆರಡು ಹಾಳೆಯಲ್ಲಿ ಸಮ ಮೂಲದ್ದು ಒಂದೂ ಇಲ್ಲದಿರಲು ಸಾಧ್ಯವಿರಲಿಲ್ಲ.

ಪಟ್ಟಿಯನ್ನು ಅದೇ ಮಧ್ಯಾಹ್ನ ಓದಿ ಹೇಳಿದರು. ಆರು ಜನರನ್ನು ತೆಗೆದುಕೊಂಡಿದ್ದರು. ಅವಳ ಹೆಸರು ಎಂಟನೆಯದು. ನಾನು ಪರೀಕ್ಷಕರನ್ನು ಕಾಣಬೇಕೆಂದು ಕೇಳಿದೆ. ವಯಸ್ಸಾದವರು, ಅವರೂ ಅಂಧರು, ಬಹಳ ಮೃದುವಾಗಿ ಮರಾಠಿಯಲ್ಲಿ ಮಾತಾಡಿದರು. ನನ್ನ ಕೋರಿಕೆಯ ಮೇರೆಗೆ ಹಾಳೆಗಳನ್ನು ತರಿಸಿದರು. ಮೂರು ಹಾಳೆ ತಪ್ಪಾಗಿದ್ದವು, ಮೂರೂ ಸಮ ಮೂಲದವು.

ಅವರು ಹಾಳೆಯ ಮೇಲೆ ಬೆರಳಿಟ್ಟರು. ಹುಡುಗಿಯ ಬೆರಳನ್ನೂ ಹಿಡಿದು ಅಲ್ಲೇ ಇಟ್ಟರು. "ಇಲ್ಲಿ ಏನಿದೆ, ಮಗೂ?" ಎಂದು ಕೇಳಿದರು.

"ಸಂದು ಇದೆ ಸರ್. ತಾಗಿಲ್ಲ" ಎಂದು ಅವಳು ಮರಾಠಿಯಲ್ಲಿ ಹೇಳಿದಳು.

"ಇದೆ. ನಿನ್ನ ಬೆರಳು ಸರಿಯಾಗಿಯೇ ಹೇಳಿತು" ಎಂದರು. "ಆದರೆ ಇಷ್ಟು ಸಣ್ಣ ಸಂದು ಎಂದರೆ ತಾಗಿದೆ ಎಂದು ಅರ್ಥ. ಅದು ನಮ್ಮ ಪದ್ಧತಿ. ಉಳಿದವರೆಲ್ಲ ಹಾಗೇ ಓದಿದ್ದಾರೆ. ನಾನು ಅವರ ಜಾಗ ತೆಗೆದು ನಿನಗೆ ಕೊಡಲಾರೆ. ಇದನ್ನು ನಿನಗೆ ಯಾರೂ ಹೇಳಲಿಲ್ಲವೇ?" ಎಂದು ಕೇಳಿದರು.

ಹುಡುಗಿ ಇಲ್ಲ ಎಂದು ತಲೆಯಾಡಿಸಿದಳು. ಅದು ಅವರಿಗೆ ಕಾಣುವುದಿಲ್ಲ ಎಂದು ನೆನಪಾಗಿ, "ಇಲ್ಲ ಸರ್" ಎಂದಳು.

ಹೊರಗೆ ಬಂದ ಮೇಲೆ ಅವಳು ನನ್ನ ತೋಳು ಹಿಡಿಯಲಿಲ್ಲ. ಗೋಡೆ ಹಿಡಿದು ನಿಂತಳು.

"ಈ ಪದ್ಧತಿ ನಿಮಗ ಗೊತ್ತಿತ್ತೇನ್ರಿ ಮ್ಯಾಡಮ್?"

"ಗೊತ್ತಿತ್ತು."

"ಅವತ್ತು ಹಾಳಿ ಕೆಟ್ಟದ ಅಂದ್ರಿ."

"ಹೌದು. ಹಾಳಿ ಕೆಟ್ಟಿರಲಿಲ್ಲ."

ಯಾಕೆ ಎಂದು ಕೇಳಿದ್ದರೆ ಹೇಳಲು ನನ್ನ ಬಳಿ ಕಾರಣಗಳಿದ್ದವು. ಅವಳು ಕೇಳಲಿಲ್ಲ. ಬಸ್‌ಸ್ಟ್ಯಾಂಡಿಗೆ ಹೋಗುವ ರಿಕ್ಷಾದಲ್ಲಿ ಅಳಲೂ ಇಲ್ಲ. ಯೇವಲಾದಲ್ಲಿ ಬಸ್ಸು ನಿಂತಾಗ ನೀರು ಬೇಕೇ ಎಂದೆ, ಬೇಡ ಎಂದಳು. ವೈಜಾಪುರ ದಾಟಿದ ಮೇಲೆ ಒಂದೇ ಮಾತು ಆಡಿದಳು: "ಅವ್ವಗ ನಾ ಹೇಳ್ತೀನಿ. ನೀವು ಏನೂ ಹೇಳಬ್ಯಾಡ್ರಿ."

ತಾಯಿ ತಗಡಿನ ಮನೆಯ ಮುಂದೆ ನಿಂತು ಕಾಯುತ್ತಿದ್ದಳು. "ಏನಾತು?" ಎಂದಳು.

"ಆಗಲಿಲ್ಲವ್ವ. ನಾನೇ ಗಡಬಡ ಮಾಡಿ ತಪ್ಪು ಹೇಳ್ದೆ."

ತಾಯಿ ನನ್ನ ಕಡೆ ನೋಡಿದಳು. ಬಾಯಿ ತೆರೆಯಬೇಕಾದ ಹೊತ್ತು ಅದು. ನಾನು ತೆರೆಯಲಿಲ್ಲ. ಚಹಾ ಕುಡಿದು ಹೋಗ್ರಿ ಎಂದಳು, ತಡವಾಗಿದೆ ಎಂದು ಹೇಳಿ ಬಂದುಬಿಟ್ಟೆ.

ಶನಿವಾರ, ಭಾನುವಾರ ಎರಡು ದಿನ ಹೇಗೋ ಕಳೆದೆ. ಸೋಮವಾರ ಶಾಲೆಗೆ ಹೋಗುವ ಮೊದಲು ಕಟ್ಟಡದ ಹತ್ತಿರ ಹೋದೆ. ತಾಯಿ ಇಟ್ಟಿಗೆಗೆ ನೀರು ಹೊಡೆಯುತ್ತಿದ್ದಳು. ನಡೆದದ್ದನ್ನು ಮೊದಲಿಂದ ಹೇಳಿದೆ. ನಕ್ಷೆ, ಅಕ್ಷ ಎಂದರೆ ಏನು ಎಂದು ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದೆ. ಸಂದು ತೋರಿಸಿದೆ. ನನಗೆ ಗೊತ್ತಿದ್ದೂ ಹೇಳಿಕೊಡಲಿಲ್ಲ ಎಂದೆ.

ಆಕೆ ಗೀಚಿದ್ದನ್ನು ನೋಡುತ್ತಾ ನಿಂತಿದ್ದಳು. "ತಪ್ಪು ಅಕಿದಲ್ಲ ಅಂತ ನನಗ ಅವತ್ತೇ ಗೊತ್ತಾಗಿತ್ರಿ" ಎಂದಳು. "ಸುಳ್ಳು ಹೇಳೂ ಮುಂದ ಅಕಿ ದನಿ ಸಣ್ಣದಾಗ್ತದ. ಆದ್ರ ತಪ್ಪು ಯಾರದು ಅಂತ ಗೊತ್ತಿರಲಿಲ್ಲ." ಆಮೇಲೆ ಕೇಳಿದಳು: "ಮತ್ತೊಮ್ಮಿ ಪರೀಕ್ಷಾ ಎಂದು?"

"ಇಲ್ರಿ. ಹತ್ತನೇದು ಬರ್ದ ವರ್ಷಕ್ಕ ಅಷ್ಟೇ."

"ಹಂಗೇನು" ಎಂದಳು. ಪೈಪು ಎತ್ತಿಕೊಂಡು ಇಟ್ಟಿಗೆಯ ಕಡೆ ತಿರುಗಿದಳು. ನಾನು ಗೀಚಿದ ನಕ್ಷೆಯ ಮೇಲೆ ನೀರು ಹರಿಯಿತು. ಆಕೆ ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಆ ಕಾಲೇಜಿಗೆ ಪತ್ರ ಬರೆದೆ. ಸಾಮಾನ್ಯ ಶಾಲೆಯಿಂದ ಬರುವ ಮಕ್ಕಳಿಗೆ ಸಂದಿನ ಅರ್ಥವನ್ನು ಪರೀಕ್ಷೆಯ ಮೊದಲು ಹೇಳಬೇಕು ಎಂದು ಕೇಳಿಕೊಂಡೆ. ಮುಂದಿನ ವರ್ಷದಿಂದ ಹೇಳುತ್ತೇವೆ ಎಂದು ಉತ್ತರ ಬಂತು. ಈಗ ನನ್ನ ಬಳಿ ಬರುವ ಮಕ್ಕಳಿಗೆ ಎರಡೂ ಬಗೆಯ ಹಾಳೆ ಕೊಡುತ್ತೇನೆ, ಮೊದಲ ವಾರವೇ ಹೇಳಿಬಿಡುತ್ತೇನೆ. ಅವರು ಗೊಂದಲಪಡುತ್ತಾರೆ, ಎರಡು ವಾರದಲ್ಲಿ ಸರಿಹೋಗುತ್ತಾರೆ. ಅಷ್ಟೇ ಸಮಯ ಬೇಕಾಗಿತ್ತು ಎಂದು ಪ್ರತಿ ಸಲ ಅನ್ನಿಸುತ್ತದೆ.

ಹುಡುಗಿ ಇದೇ ಊರಿನ ಒಂದು ಕಾಲೇಜಿನಲ್ಲಿ ಕಲಾ ವಿಭಾಗ ಸೇರಿದಳು. ಅದೇ ವರ್ಷ ಆಗಸ್ಟಿನಲ್ಲಿ ಒಮ್ಮೆ ಕಾಲೇಜಿನ ಗೇಟಿನ ಹತ್ತಿರ ಸಿಕ್ಕಳು. ಬಿಳಿ ಕೋಲು ಹಿಡಿದು ಒಬ್ಬಳೇ ನಡೆಯಲು ಕಲಿತಿದ್ದಳು. ನನ್ನ ದನಿ ಗುರುತಿಸಿ ನಿಂತಳು. ಶನಿವಾರ ಬಿಡುವಿದೆ, ಬೇಕಾದರೆ ಬಂದು ಗಣಿತ ಮುಂದುವರಿಸುತ್ತೇನೆ, ಹೊರಗಿನಿಂದ ಪರೀಕ್ಷೆ ಕಟ್ಟಬಹುದು ಎಂದೆ.

"ಬ್ಯಾಡ್ರಿ ಮ್ಯಾಡಮ್" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಈಗ ಇತಿಹಾಸ ಓದ್ಲಕತ್ತೀನಿ. ಅದರಾಗ ಮುಟ್ಟಿ ನೋಡಿ ಹೇಳೂದು ಏನೂ ಇರಂಗಿಲ್ಲ."